ಓದಿನ ಸುಖ ಯಾರ ಪಾಲು?

(ನಮ್ಮ ತಾಲ್ಲೂಕಿನ ಹಳ್ಳಿಯೊಂದರ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಸಮಿತಿಯವರು ನಮ್ಮನ್ನು ಕರೆದು 'ಓದಿನ ಸುಖ' ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಕೇಳಿದರು. ಆಗ ನಮ್ಮ ಜೊತೆಯಲ್ಲಿದ್ದ ಕಾರ್ಯಕರ್ತರೊಬ್ಬರು ನಕ್ಕುಬಿಟ್ಟರು. "ಮೇಷ್ಟ್ರೇ, ಬಗರ್ ಹುಕುಂ ಅರ್ಜಿಗಳು ಕಚೇರಿಯಲ್ಲಿ ಧೂಳು ತಿನ್ನುತ್ತಿವೆ. ಕೂಲಿಯವರಿಗೆ ಕೂಲಿ ಸರಿಯಾಗಿ ಸಿಗುತ್ತಿಲ್ಲ. ಇಂಥ ಹೊತ್ತಿನಲ್ಲಿ ನೀವು ಸುಖದ ಮೇಲೆ ಭಾಷಣ ಮಾಡುತ್ತೀರಾ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಇವತ್ತಿನ ನಮ್ಮ ಮಾತೆಲ್ಲ ಆ ಸಂಗಾತಿಗೆ ಕೊಡುವ ಉತ್ತರವೆಂದೇ ತಾವು ತಿಳಿಯಬಹುದು.

ಇನ್ನೊಂದು ಸಂಗತಿಯೂ ನಮ್ಮ ಕಿವಿಗೆ ಬಿದ್ದಿದೆ. ಈ ಕೊಠಡಿಗೆ ಓದಲು ಬರುವವರು ಕಡಿಮೆಯಾಗಿದ್ದಾರೆ, ಪುಸ್ತಕಗಳನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕಿ ಕೊಠಡಿಯನ್ನು ಗೊಬ್ಬರದ ದಾಸ್ತಾನಿಗೆ ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಊರಿಗೆ ಬರುತ್ತದೆ ಎಂಬ ಮಾತು ಹೊರಟಿದೆ. ಈ ಸಭೆ ಮುಗಿಯುವ ಮೊದಲು ಅದರ ತೀರ್ಮಾನವೂ ಆಗಬೇಕಂತೆ. ಬಾಡಿಗೆಯ ಪರವಾಗಿ ಮಾತಾಡುವವರು ಕೆಟ್ಟವರೇನಲ್ಲ. ಊರಿನ ದೇವಸ್ಥಾನದ ಮುಂದೆ ಚರಂಡಿ ಆಗಬೇಕು, ಶಾಲೆಯ ಕಾಂಪೌಂಡು ಬಿದ್ದಿದೆ. ದುಡ್ಡು ಬೇಕು. ಆದುದರಿಂದ ಈ ಕೊಠಡಿಯಲ್ಲಿ ಇಟ್ಟಿರುವ ವಸ್ತು ಯಾವುದು, ಅದರ ಬೆಲೆ ಏನು ಎಂಬುದನ್ನು ನಾವೆಲ್ಲ ಕೂಡಿ ಲೆಕ್ಕ ಹಾಕೋಣ.

ಜಗಲಿಯ ಓದು

ನಾವು ಓದುವ ಸುಖವನ್ನು ಮೊದಲು ಕಂಡದ್ದು ಕಣ್ಣಿನಿಂದಲ್ಲ, ಕಿವಿಯಿಂದ. ನಮ್ಮ ಮನೆಯಲ್ಲಿ ಇದ್ದ ಪುಸ್ತಕಗಳು ಎರಡೇ. ಒಂದು ಪಂಚಾಂಗ, ಇನ್ನೊಂದು ಜೈಮಿನಿ ಭಾರತ. ಜೈಮಿನಿಯಲ್ಲಿ ಮೊದಲ ಕೆಲವು ಹಾಳೆಗಳು ಇರಲಿಲ್ಲ. ಶ್ರಾವಣ ಮಾಸದಲ್ಲಿ, ಮಳೆ ಹಿಡಿದು ಹೊರಗೆ ಕೆಲಸವಿಲ್ಲದ ರಾತ್ರಿಗಳಲ್ಲಿ, ಅಜ್ಜ ಜಗಲಿಯಲ್ಲಿ ಕುಳಿತು ರಾಗವಾಗಿ ಓದುತ್ತಿದ್ದರು. ಅಕ್ಕಪಕ್ಕದ ಮನೆಯವರು ಕಂಬಳಿಕೊಪ್ಪೆ ಹಾಕಿಕೊಂಡು ಬಂದು ಕೂರುತ್ತಿದ್ದರು. ಬಂದವರಲ್ಲಿ ಅಕ್ಷರ ಬಲ್ಲವರು ಒಬ್ಬರೋ ಇಬ್ಬರೋ. ಆದರೆ ಚಂದ್ರಹಾಸನ ಕಥೆ ಬಂದಿತೆಂದರೆ ಜಗಲಿಯಲ್ಲಿ ಎಲೆಯಡಿಕೆ ಅಗಿಯುವ ಸದ್ದೂ ನಿಲ್ಲುತ್ತಿತ್ತು.

ಆ ಕಥೆ ತಮಗೆಲ್ಲ ಗೊತ್ತು. ಅನಾಥನಾದ ಹುಡುಗ ಚಂದ್ರಹಾಸ. ಮಂತ್ರಿ ದುಷ್ಟಬುದ್ಧಿ ಅವನ ಕೈಯಲ್ಲಿ ಒಂದು ಓಲೆಯನ್ನು ಕೊಟ್ಟು ತನ್ನ ಮಗನ ಬಳಿಗೆ ಕಳಿಸುತ್ತಾನೆ. ಓಲೆ ತಂದವನಿಗೆ ವಿಷವನ್ನು ಕೊಡು ಎಂದು ಅದರಲ್ಲಿ ಬರೆದಿದೆ. ದಾರಿಯಲ್ಲಿ ಹುಡುಗ ತೋಟದಲ್ಲಿ ಮಲಗಿ ನಿದ್ರಿಸುತ್ತಾನೆ. ಮಂತ್ರಿಯ ಮಗಳು ವಿಷಯೆ ಅದನ್ನು ಓದಿ, ವಿಷವೆಂಬುದನ್ನು ವಿಷಯೆ ಎಂದು ತಿದ್ದಿ ಅವನನ್ನು ಉಳಿಸುತ್ತಾಳೆ, ವರಿಸುತ್ತಾಳೆ. ಅಜ್ಜ ಆ ಜಾಗಕ್ಕೆ ಬಂದಾಗ ಬೇಕೆಂದೇ ನಿಧಾನ ಮಾಡುತ್ತಿದ್ದರು. ಕೇಳುವವರ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ವರ್ಷವೂ ಅದೇ ಕಥೆ, ಪ್ರತಿ ವರ್ಷವೂ ಅದೇ ಭಯ, ಅದೇ ಸಮಾಧಾನ. ಮುಂದೇನಾಗುವುದೆಂದು ಗೊತ್ತಿದ್ದೂ ಮತ್ತೆ ಕೇಳಬೇಕೆನಿಸುವುದು ಎಂಥ ಸುಖವೆಂಬುದನ್ನು ನಾವು ಆ ಜಗಲಿಯಲ್ಲಿ ಕಂಡೆವು.

ದೊಡ್ಡವರಾದ ಮೇಲೆ ಆ ಕಥೆಯಲ್ಲಿ ಬೇರೆಯ ಅರ್ಥವೂ ಕಂಡಿತು. ತನ್ನ ಮರಣದ ಆಜ್ಞೆಯನ್ನು ತಾನೇ ಹೊತ್ತುಕೊಂಡು, ಅದರಲ್ಲಿ ಏನಿದೆಯೆಂದು ತಿಳಿಯದೆ ನಡೆದುಹೋಗುವವನು ಚಂದ್ರಹಾಸನೊಬ್ಬನೇ ಏನು? ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದ ರೈತರು ನಮ್ಮ ನಾಡಿನಲ್ಲಿ ಎಷ್ಟು ತಲೆಮಾರು ಆಗಿಹೋದರು! ಅವರ ಪಾಲಿಗೆ ಅಕ್ಷರ ತಿದ್ದುವ ವಿಷಯೆ ಯಾರೂ ಸಿಗಲಿಲ್ಲ. ಕವಿ ಲಕ್ಷ್ಮೀಶ ಇದನ್ನು ಮನಸ್ಸಿನಲ್ಲಿಟ್ಟು ಬರೆದನೆಂದು ನಾವು ಹೇಳುವುದಿಲ್ಲ. ಆದರೆ ಒಳ್ಳೆಯ ಪುಸ್ತಕದ ಗುಣವೇ ಹಾಗೆ. ಓದುವವನು ಬೆಳೆದಂತೆ ಅದೂ ಬೆಳೆಯುತ್ತದೆ.

ಬೀಗ ಹಾಕಿದ ಬೀರು

ಮೆಟ್ರಿಕ್ ಮುಗಿಸಿದ ಮೇಲೆ ನಾವು ಕೆಲವು ವರ್ಷ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದೆವು. ಮೊದಲು ಸೇರಿದ ಶಾಲೆಯಲ್ಲಿ ಒಂದು ಮರದ ಬೀರು ಇತ್ತು. ಅದರ ತುಂಬ ಪುಸ್ತಕ. ಅದಕ್ಕೆ ಒಂದು ಬೀಗ. ಬೀಗದ ಕೈ ಹಿರಿಯ ಮೇಷ್ಟರ ಜೇಬಿನಲ್ಲಿ. ಮಕ್ಕಳು ಗಾಜಿನ ಆಚೆಗೆ ಪುಸ್ತಕದ ಬೆನ್ನನ್ನು ನೋಡಿ ಹೆಸರು ಓದಿಕೊಳ್ಳುತ್ತಿದ್ದರು, ಜಾತ್ರೆಯ ಮಿಠಾಯಿ ಅಂಗಡಿಯ ಮುಂದೆ ನಿಂತ ಹಾಗೆ. ಹಿರಿಯ ಮೇಷ್ಟರು ಒಳ್ಳೆಯ ಮನುಷ್ಯರೇ. ಆದರೆ ಅವರ ಮುಂದೆ ಸ್ಟಾಕ್ ಪುಸ್ತಕವಿತ್ತು. ಮಗು ಒಂದು ಹಾಳೆ ಹರಿದರೆ ಲೆಕ್ಕ ಕೇಳುವವರು ಬರುತ್ತಿದ್ದರು. ಬೀರುವಿನ ಒಳಗೆ ಗೆದ್ದಲು ಪುಸ್ತಕವನ್ನೇ ತಿಂದು ಮುಗಿಸಿದರೆ ಅದು ದೈವಕೃತವೆಂದು ಬರೆದುಕೊಂಡು ಹೋಗುತ್ತಿದ್ದರು. ಹೀಗಾಗಿ ಮಕ್ಕಳಿಗಿಂತ ಗೆದ್ದಲಿಗೆ ಹೆಚ್ಚು ಸ್ವಾತಂತ್ರ್ಯವಿತ್ತು.

ಎಸ್. ಆರ್. ರಂಗನಾಥನ್ ಎಂಬ ದೊಡ್ಡವರೊಬ್ಬರು ಇದ್ದರು. ಅವರು ಗಣಿತದ ಮೇಷ್ಟರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ತೀರಿಕೊಂಡರು. ಅವರ ಮೊದಲ ಸೂತ್ರದ ತಾತ್ಪರ್ಯ, ಪುಸ್ತಕ ಇರುವುದು ಬಳಕೆಗೆ ಎಂಬುದು. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಪಂಡಿತರು ಬೇಕಾಯಿತೇ ಎಂದು ತಾವು ಕೇಳಬಹುದು. ನಮ್ಮ ಬೀರುವನ್ನು ನೋಡಿದವರಿಗೆ ಬೇಕಿತ್ತು ಎಂದೇ ಅನ್ನಿಸುತ್ತದೆ. ಹಿಂದಿನ ಕಾಲದಲ್ಲಿ ಪುಸ್ತಕಕ್ಕೆ ಸರಪಳಿ ಕಟ್ಟುತ್ತಿದ್ದರೆಂದು ಯೂರೋಪಿನ ಚರಿತ್ರೆಯಲ್ಲಿ ಓದುತ್ತೇವೆ. ನಮ್ಮಲ್ಲಿ ಸರಪಳಿಯ ಬದಲು ಸ್ಟಾಕ್ ಪುಸ್ತಕ, ಅಷ್ಟೇ ವ್ಯತ್ಯಾಸ.

ನಾವು ಹಿರಿಯ ಮೇಷ್ಟರನ್ನು ಒಪ್ಪಿಸಿ, ಹರಿದರೆ ನಮ್ಮ ಸಂಬಳದಲ್ಲಿ ಹಿಡಿಯಿರಿ ಎಂದು ಬರೆದುಕೊಟ್ಟು, ಶನಿವಾರದ ದಿನ ಮಕ್ಕಳ ಕೈಗೆ ಪುಸ್ತಕ ಕೊಡತೊಡಗಿದೆವು. ಒಂದು ಹೆಣ್ಣುಮಗು ಪಂಜೆ ಮಂಗೇಶರಾಯರ ಕಥೆಗಳ ಪುಸ್ತಕವನ್ನು ಒಯ್ದದ್ದು ಮೂರು ವಾರವಾದರೂ ತರಲಿಲ್ಲ. ಕೇಳಿದರೆ, "ಅವ್ವ ಇನ್ನೂ ಮುಗಿಸಿಲ್ಲ ಸಾರ್" ಎಂದಳು. ಅವಳ ತಾಯಿಗೆ ಓದು ಬಾರದು. ಆಕೆ ರಾತ್ರಿ ರೊಟ್ಟಿ ಬಡಿಯುವಾಗ ಮಗಳು ಒಲೆಯ ಬಳಿ ಕುಳಿತು ಓದಬೇಕು. ದಿನಕ್ಕೆ ಒಂದೇ ಕಥೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಪುಸ್ತಕ ಹಿಂದಕ್ಕೆ ಬಂದಾಗ ಅದರ ಹಾಳೆಗಳಿಗೆ ಹಿಟ್ಟು ಮೆತ್ತಿತ್ತು. ಸ್ಟಾಕ್ ಪುಸ್ತಕದ ಪ್ರಕಾರ ಅದು ನಷ್ಟ. ನಮ್ಮ ಲೆಕ್ಕದಲ್ಲಿ ಆ ಬೀರುವಿನಲ್ಲಿ ನಿಜವಾಗಿ ಸಾರ್ಥಕವಾದ ಪುಸ್ತಕ ಅದೊಂದೇ.

ಒಬ್ಬ ಓದಿದರೆ ನೂರು ಜನಕ್ಕೆ

ದುಡಿಯುವ ಜನಕ್ಕೆ ಓದಿನ ಸುಖ ಬೇಕಾಗಿಲ್ಲ, ಅವರಿಗೆ ಹೊಟ್ಟೆಗೆ ಸಿಕ್ಕರೆ ಸಾಕು ಎಂದು ಹೇಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ದುಡಿಯುವ ಜನ ಮಾತ್ರ ಆ ಮಾತನ್ನು ಎಂದೂ ಒಪ್ಪಿದವರಲ್ಲ. ಕ್ಯೂಬಾ ದ್ವೀಪದ ಹವಾನಾ ಪಟ್ಟಣದಲ್ಲಿ ಚುಟ್ಟಾ ಕಾರ್ಖಾನೆಗಳಿವೆ. 1865ರಲ್ಲಿ ಅಲ್ಲಿನ ಎಲ್ ಫಿಗಾರೋ ಎಂಬ ಕಾರ್ಖಾನೆಯಲ್ಲಿ ಕಾರ್ಮಿಕರು ಒಂದು ಹೊಸ ಪದ್ಧತಿ ತಂದರು. ದಿನವಿಡೀ ಕುಳಿತು ಎಲೆ ಸುತ್ತುವ ಕೆಲಸದಲ್ಲಿ ಕೈಗೆ ಬಿಡುವಿಲ್ಲ. ಆದರೆ ಕಿವಿಗೆ ಬಿಡುವುಂಟು. ಆದುದರಿಂದ ತಮ್ಮಲ್ಲೇ ಒಬ್ಬನನ್ನು ಎತ್ತರದ ಜಾಗದಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸುವುದು, ಅವನ ಕೂಲಿಯನ್ನು ಎಲ್ಲರೂ ತಮ್ಮ ತಮ್ಮ ಕೂಲಿಯಿಂದ ಚಿಲ್ಲರೆ ಹಾಕಿ ತುಂಬಿಕೊಡುವುದು. ಮೊದಲು ಪತ್ರಿಕೆ, ಆಮೇಲೆ ಕಾದಂಬರಿ. ಯಾವ ಕಾದಂಬರಿ ಎಂಬುದನ್ನು ಕಾರ್ಮಿಕರೇ ಮತ ಹಾಕಿ ಗೊತ್ತುಮಾಡುತ್ತಿದ್ದರು. ಅಲೆಕ್ಸಾಂಡರ್ ಡ್ಯೂಮಾನ 'ಕೌಂಟ್ ಆಫ್ ಮಾಂಟೆ ಕ್ರಿಸ್ಟೊ' ಅವರಿಗೆ ಎಷ್ಟು ಪ್ರಿಯವಾಗಿತ್ತೆಂದರೆ ಅದರ ಹೆಸರಿನಲ್ಲೇ ಒಂದು ಬಗೆಯ ಚುಟ್ಟಾ ಪ್ರಸಿದ್ಧವಾಯಿತೆಂದು ಹೇಳುತ್ತಾರೆ.

ಸ್ಪೇನಿನ ಅಧಿಕಾರಿಗಳು ಏನು ಮಾಡಿದರು? ಒಂದೇ ವರ್ಷದಲ್ಲಿ, 1866ರಲ್ಲಿ, ಕಾರ್ಖಾನೆಯಲ್ಲಿ ಓದುವುದನ್ನು ನಿಷೇಧಿಸಿದರು. ಓದು ಮತ್ತೆ ತಲೆಯೆತ್ತಿತು. ಕ್ಯೂಬಾದಿಂದ ವಲಸೆ ಹೋದ ಕಾರ್ಮಿಕರು ಅಮೆರಿಕದ ಟ್ಯಾಂಪಾ ಪಟ್ಟಣಕ್ಕೂ ಅದನ್ನು ಒಯ್ದರು. ಅಲ್ಲಿ 1931ರಲ್ಲಿ ಮಾಲೀಕರು ಓದುಗನ ಪೀಠವನ್ನೇ ಕಿತ್ತುಹಾಕಿದರು. ಕಾರ್ಮಿಕರು ಮುಷ್ಕರ ಹೂಡಿದರು. ಸಂಬಳ ಏರಿಸಿ ಎಂದು ಮುಷ್ಕರ ಹೂಡಿದ್ದನ್ನು ತಾವು ಬಹಳ ಕೇಳಿದ್ದೀರಿ. ನಮಗೆ ಕಥೆ ಓದುವವನನ್ನು ಹಿಂದಕ್ಕೆ ಕೊಡಿ ಎಂದು ಕೆಲಸ ನಿಲ್ಲಿಸಿದವರೂ ಇದ್ದಾರೆ ಎಂಬುದನ್ನು ಬಾಡಿಗೆಯ ಪರವಾದ ಮಿತ್ರರು ದಯಮಾಡಿ ನೆನಪಿಡಬೇಕು.

ದೂರದ ಮಾತೇಕೆ? ನಮ್ಮ ಪಕ್ಕದ ಕಣ್ಣಾನೂರಿನಲ್ಲಿ 1969ರಲ್ಲಿ ಬೀಡಿ ಕಾರ್ಮಿಕರು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ದಿನೇಶ್ ಬೀಡಿ ಎಂದರೆ ಎಲ್ಲರಿಗೂ ಗೊತ್ತು. ಅದರ ಶೆಡ್ಡುಗಳಲ್ಲಿಯೂ ಒಬ್ಬ ಓದುವುದು, ಉಳಿದವರು ಬೀಡಿ ಸುತ್ತುತ್ತ ಕೇಳುವುದು ನಡೆಯಿತು. ಓದುವವನ ಪಾಲಿನ ಬೀಡಿಯನ್ನು ಜೊತೆಯವರು ಸುತ್ತಿಕೊಡುತ್ತಿದ್ದರು. ಶಾಲೆ ಬಿಟ್ಟು ಬೀಡಿಗೆ ಬಂದ ಎಷ್ಟೋ ಜನರಿಗೆ ಆ ಶೆಡ್ಡೇ ಕಾಲೇಜಾಯಿತು. ನಮ್ಮ ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರು ಹೆಚ್ಚಾಗಿ ಹೆಣ್ಣುಮಕ್ಕಳು, ತಮ್ಮ ತಮ್ಮ ಮನೆಯಲ್ಲಿ ಕುಳಿತು ಕಟ್ಟುವವರು. ಹಂಚಿಹೋದ ದುಡಿಮೆಯಲ್ಲಿ ಕೂಡಿ ಓದುವುದು ಕಷ್ಟ. ಮಾಲೀಕನಿಗೆ ಅನುಕೂಲವಾದದ್ದು ಕೆಲಸದವಳ ಮನಸ್ಸಿಗೂ ಅನುಕೂಲವಾಗಬೇಕೆಂದಿಲ್ಲ.

ರಷ್ಯದ ಮ್ಯಾಕ್ಸಿಂ ಗಾರ್ಕಿ ಶಾಲೆಯಲ್ಲಿ ಕಲಿತದ್ದು ಬಹಳ ಕಡಿಮೆ. ಹುಡುಗನಾಗಿದ್ದಾಗ ವೋಲ್ಗಾ ನದಿಯ ಹಡಗಿನ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅಲ್ಲಿ ಸ್ಮೂರಿ ಎಂಬ ಭಾರೀ ಆಳಿನ ಅಡಿಗೆಯವನಿದ್ದ. ಅವನ ಪೆಟ್ಟಿಗೆಯಲ್ಲಿ ಪುಸ್ತಕಗಳಿದ್ದವು. ಹುಡುಗನನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಸುತ್ತಿದ್ದ. ಗೊಗೋಲನ 'ತಾರಾಸ್ ಬುಲ್ಬಾ' ಓದಿದಾಗ ಆ ದೈತ್ಯ ಮನುಷ್ಯ ಅತ್ತನೆಂದು ಗಾರ್ಕಿ ಬರೆದಿದ್ದಾರೆ. ಇನ್ನೊಂದು ಸಂಗತಿ ಅದಕ್ಕಿಂತ ಸೊಗಸು. ಒಂದು ಹಬ್ಬದ ದಿನ ಗಾರ್ಕಿ ಕೊಟ್ಟಿಗೆಯ ಮಾಡಿನ ಮೇಲೆ ಕುಳಿತು ಫ್ರೆಂಚ್ ಲೇಖಕ ಫ್ಲಾಬೇರನ ಒಂದು ಕಥೆ ಓದಿದರು. ಅದು ಮನೆಗೆಲಸದ ಹೆಂಗಸೊಬ್ಬಳ ಜೀವನದ ಕಥೆ. ವಿಶೇಷವಾದ ಘಟನೆಗಳೇನೂ ಇಲ್ಲ. ಆದರೂ ತಮ್ಮನ್ನು ಇಷ್ಟು ಅಲುಗಾಡಿಸಿದ್ದು ಏನೆಂದು ತಿಳಿಯದೆ ಅವರು ಆ ಹಾಳೆಯನ್ನು ಬೆಳಕಿಗೆ ಹಿಡಿದು, ಸಾಲುಗಳ ನಡುವೆ ಏನಾದರೂ ಗುಟ್ಟು ಅಡಗಿದೆಯೋ ಎಂದು ನೋಡಿದರಂತೆ! ಪುಸ್ತಕ ಓದಿ ಸುಖಪಟ್ಟ ಯಾರಿಗಾದರೂ ಈ ಬೆರಗು ಅರ್ಥವಾಗುತ್ತದೆ.

ಸುಖ ಎಂದರೆ ಯಾವುದು

ನಮ್ಮ ಕೆಲವು ಸಂಗಾತಿಗಳಿಗೆ ಒಂದು ಅಭಿಪ್ರಾಯವಿದೆ. ಓದುವುದಾದರೆ ಉಪಯೋಗಕ್ಕೆ ಬರುವುದನ್ನು ಓದಬೇಕು, ಕಾನೂನು, ಅರ್ಥಶಾಸ್ತ್ರ, ಚಳವಳಿಯ ಚರಿತ್ರೆ ಇವನ್ನು ಓದಬೇಕು, ಕಥೆ ಕಾದಂಬರಿಗಳು ಹೊತ್ತು ಕಳೆಯುವವರಿಗೆ ಎಂದು ಅವರು ಹೇಳುತ್ತಾರೆ. ಉಪಯೋಗದ ಪುಸ್ತಕ ಬೇಕೇ ಬೇಕು. ಅದನ್ನು ನಾವು ದಿನವೂ ಓದುತ್ತೇವೆ, ಓದಿಸುತ್ತೇವೆ. ಆದರೆ ಸುಖಕ್ಕಾಗಿ ಓದುವುದು ಕೀಳೆಂಬ ಮಾತನ್ನು ನಾವು ಒಪ್ಪಲಾರೆವು.

ನಾವು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದ್ದು ಸಂಘಟನೆಯ ಕೆಲಸಕ್ಕೆ ಓಡಾಡುವಾಗ, ಬಸ್ಸಿನಲ್ಲಿ, ಬಸ್ ನಿಲ್ದಾಣದಲ್ಲಿ, ಯಾರದೋ ಮನೆಯ ಜಗಲಿಯಲ್ಲಿ. 1967ರಲ್ಲಿ ಅಚ್ಚಾದ ಆ ದೊಡ್ಡ ಕಾದಂಬರಿಯಲ್ಲಿ ಗುತ್ತಿ ಎಂಬ ಆಳುಮಗನಿದ್ದಾನೆ, ಹುಲಿಯ ಎಂಬ ಅವನ ನಾಯಿಯಿದೆ. ಮಳೆಯಲ್ಲಿ, ಕಾಡಿನಲ್ಲಿ ಅವರಿಬ್ಬರೂ ನಡೆಯುತ್ತಾರೆ. ಒಬ್ಬ ಜೀತದಾಳು ಮತ್ತು ಅವನ ನಾಯಿಯ ನಡಿಗೆಯನ್ನು ಒಬ್ಬ ಮಹಾಕವಿ ಅಷ್ಟು ಹೊತ್ತು, ಅಷ್ಟು ಪ್ರೀತಿಯಿಂದ ನೋಡಿದ್ದಾರಲ್ಲ, ಅದನ್ನು ಓದುವಾಗ ನಮಗೆ ಬಸ್ಸು ಯಾವ ಊರಿನಲ್ಲಿ ನಿಂತಿತೆಂಬುದೇ ತಿಳಿಯುತ್ತಿರಲಿಲ್ಲ. ಅಂಥವನ ಸುಖದುಃಖ ದೊಡ್ಡ ಪುಸ್ತಕದಲ್ಲಿ ಬರೆಯತಕ್ಕದ್ದು ಎಂಬ ತಿಳುವಳಿಕೆ ಯಾವ ಕರಪತ್ರದಿಂದ ಈ ರೀತಿ ಬರುತ್ತದೆ? ಕಾರಂತರ 'ಚೋಮನ ದುಡಿ' 1933ರಲ್ಲಿ ಬಂದಿತು. ಉಳಲು ತುಂಡು ಭೂಮಿ ಬೇಕೆಂದು ಹಂಬಲಿಸಿ, ಅದು ಸಿಗದೆ ಸಾಯುವ ಚೋಮನನ್ನು ಓದಿದವರು ಉಳುವವನಿಗೆ ಭೂಮಿ ಏಕೆ ಬೇಕೆಂಬುದನ್ನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗಿಲ್ಲ. ನಿರಂಜನರ 'ಚಿರಸ್ಮರಣೆ' ಕಯ್ಯೂರಿನ ರೈತರ ಕಥೆ. 1943ರ ಮಾರ್ಚ್ 29ರಂದು ಆ ಊರಿನ ನಾಲ್ವರನ್ನು ಗಲ್ಲಿಗೇರಿಸಿದರೆಂಬುದು ಚರಿತ್ರೆಯ ಒಂದು ಸಾಲು. ಕಾದಂಬರಿಯಲ್ಲಿ ಅವರು ಹುಡುಗರಾಗಿ ಶಾಲೆಗೆ ಹೋಗುತ್ತಾರೆ, ಮಾಸ್ತರರ ಮಾತು ಕೇಳುತ್ತಾರೆ, ನಗುತ್ತಾರೆ. ಅವರನ್ನು ಪ್ರೀತಿಸಿದ ಮೇಲೆ ನಾವು ಅವರ ಸಾವಿನ ಸುದ್ದಿಯನ್ನು ಕೇಳುತ್ತೇವೆ. ಆಗ ಆ ಒಂದು ಸಾಲಿನ ತೂಕವೇ ಬೇರೆ.

ಇಷ್ಟು ಹೇಳಿ, ನೋಡಿ, ಕಾದಂಬರಿಯೂ ಉಪಯೋಗಕ್ಕೆ ಬಂತು ಎಂದು ನಾವು ವಾದ ಗೆಲ್ಲಲು ಹೋಗುವುದಿಲ್ಲ. ಏನೂ ಉಪಯೋಗಕ್ಕೆ ಬಾರದ ಓದೂ ಉಂಟು. ತೇಜಸ್ವಿಯವರ 'ಕರ್ವಾಲೊ' ಓದಿ ನಾವು ಒಬ್ಬರೇ ಕುಳಿತು ಗಟ್ಟಿಯಾಗಿ ನಕ್ಕಿದ್ದೇವೆ. ಆ ನಗುವಿನಿಂದ ಯಾವ ಅರ್ಜಿಯೂ ಮಂಜೂರಾಗಲಿಲ್ಲ. ಆದರೆ ಮಾರನೆಯ ದಿನ ಕಚೇರಿಯ ಮೆಟ್ಟಿಲು ಹತ್ತುವಾಗ ಮನಸ್ಸು ಹಗುರವಾಗಿತ್ತು. ಮನುಷ್ಯನು ದುಡಿಯುವ ಯಂತ್ರವಲ್ಲ ಎಂದು ನಾವು ವೇದಿಕೆಯಿಂದ ಹೇಳುತ್ತೇವಷ್ಟೆ. ಹಾಗಿದ್ದರೆ ಅವನು ಹೋರಾಡುವ ಯಂತ್ರವೂ ಅಲ್ಲ. ಅವನಿಗೆ ನಗು ಬೇಕು, ಬೆರಗು ಬೇಕು, ತಾನು ಎಂದೂ ಕಾಣದ ಊರಿನ ಜನರ ಮೇಲೆ ಮಮತೆ ಹುಟ್ಟಬೇಕು.

1886ರಲ್ಲಿ ಚಿಕಾಗೋದ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ ಬೀದಿಗಿಳಿದು ರಕ್ತ ಕೊಟ್ಟರು. ಮೇ ದಿನದಂದು ಅವರನ್ನು ನೆನೆಯುತ್ತೇವೆ. ದಿನದಲ್ಲಿ ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ ಕಳೆದರೆ ಇನ್ನೂ ಎಂಟು ಗಂಟೆ ಉಳಿಯುತ್ತದೆ. ಅವರು ಜೀವ ಕೊಟ್ಟದ್ದು ಆ ಉಳಿದ ಹೊತ್ತಿಗಾಗಿ. ಆ ಹೊತ್ತಿನಲ್ಲಿ ಮನುಷ್ಯ ತನಗೆ ಬೇಕಾದಂತೆ ಬಾಳಬೇಕೆಂಬುದೇ ಅವರ ಬೇಡಿಕೆಯ ಹುರುಳು. ಆ ಹೊತ್ತನ್ನು ತುಂಬಲು ಸಾರಾಯಿ ಅಂಗಡಿ ಒಂದೇ ತೆರೆದಿದ್ದರೆ ಅವರ ಗೆಲುವು ಅರ್ಧ ಗೆಲುವಾಯಿತು. ನಮ್ಮ ಹೊಲದ ಕೂಲಿಯವರಿಗೆ, ಮನೆಯ ಹೆಣ್ಣುಮಕ್ಕಳಿಗೆ ಆ ಅರ್ಧ ಗೆಲುವೂ ಇನ್ನೂ ಸಿಕ್ಕಿಲ್ಲ.

ಯಾರು ಕೊಟ್ಟರು, ಯಾರು ತಡೆದರು

ಈ ಸುಖ ನಮ್ಮ ನಾಡಿನಲ್ಲಿ ಎಲ್ಲರ ಪಾಲಿಗೂ ಬರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಮುಂತಾದ ದುಡಿಯುವ ಜನ ತಮ್ಮ ಮಾತಿನಲ್ಲಿ ವಚನ ನುಡಿದರು. ಆ ಮಾತುಗಳು ಮಠ ಮನೆಗಳ ಓಲೆಗರಿಯ ಕಟ್ಟುಗಳಲ್ಲಿ ಶತಮಾನಗಳ ಕಾಲ ಉಳಿದವು. ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಅಂಬಿಗನ ಮಾತು ಅಂಬಿಗನ ಮಕ್ಕಳಿಗೆ ಅಚ್ಚಿನಲ್ಲಿ ಸಿಗಬೇಕಾದರೆ ಒಬ್ಬರು ಮನೆ ಮಾರಬೇಕಾಯಿತು.

ಹಾವೇರಿಯ ಕಡೆಯ ಗಳಗನಾಥರು ಶಾಲಾ ಮಾಸ್ತರರು. ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಮುಂಬಯಿಯ ದಾದರಿನಲ್ಲಿ ಡಾಕ್ಟರ್ ಅಂಬೇಡ್ಕರರು 'ರಾಜಗೃಹ' ಕಟ್ಟಿಸಿದ್ದು ಮುಖ್ಯವಾಗಿ ತಮ್ಮ ಪುಸ್ತಕಗಳಿಗಾಗಿ. ಶಾಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆಯಾಗಿ ಕೂರಬೇಕಾಗಿದ್ದ ಹುಡುಗ ಮುಂದೆ ಸಾವಿರಾರು ಪುಸ್ತಕಗಳ ನಡುವೆ ಬಾಳಿದರು. ಅವರ ಓದು ಹೋರಾಟದ ಆಯುಧವಾಗಿತ್ತೆಂದು ಎಲ್ಲರೂ ಹೇಳುತ್ತೇವೆ. ಅದು ನಿಜ. ಆದರೆ ಬರಿಯ ಆಯುಧಕ್ಕಾಗಿ ಯಾರೂ ಅಷ್ಟು ದೊಡ್ಡ ಮನೆ ಕಟ್ಟುವುದಿಲ್ಲ. ಪುಸ್ತಕದ ಮೇಲೆ ಅವರಿಗೆ ಪ್ರೀತಿಯಿತ್ತು. ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ ಪುಸ್ತಕದ ಮನೆಯನ್ನು ತಮ್ಮಲ್ಲಿ ಕೆಲವರು ನೋಡಿರಬಹುದು. ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದ ಸಂಬಳವನ್ನು ಅವರು ಪುಸ್ತಕಕ್ಕೆ ಸುರಿದರು. ಲಕ್ಷಗಟ್ಟಲೆ ಪುಸ್ತಕಗಳು ಅಲ್ಲಿ ಯಾರು ಬೇಕಾದರೂ ಬಂದು ಓದಲು ಇವೆ.

ಇಂಥ ತ್ಯಾಗಿಗಳನ್ನು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಊರಿಗೆ ಪುಸ್ತಕ ಸಿಗಬೇಕಾದರೆ ಒಬ್ಬರು ಮನೆ ಮಾರಬೇಕು, ಇನ್ನೊಬ್ಬರು ಗಂಟು ಹೊರಬೇಕು ಎಂಬುದು ನ್ಯಾಯವಾದ ವ್ಯವಸ್ಥೆಯಲ್ಲ. ಅದಕ್ಕಾಗಿಯೇ 1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂದಿತು. ಕಟ್ಟಡ ಮತ್ತು ಜಮೀನಿನ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೆಂದು ಒಂದಿಷ್ಟನ್ನು ಜನ ಕೊಡುತ್ತಾರೆ. ಅಂದಮೇಲೆ ಗ್ರಂಥಾಲಯವೆಂಬುದು ಸರ್ಕಾರದ ದಾನವಲ್ಲ, ನಮ್ಮ ದುಡ್ಡಿನದು. ವಸೂಲಾದ ಕರ ಗ್ರಂಥಾಲಯಕ್ಕೆ ಸಕಾಲದಲ್ಲಿ ಸೇರುವುದಿಲ್ಲವೆಂಬ ದೂರು ಬಹಳ ಹಳೆಯದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಅಂಥವು ಐದು ಸಾವಿರಕ್ಕೂ ಹೆಚ್ಚು ಇವೆ. ಅನೇಕ ಕಡೆ ಸುಣ್ಣಬಣ್ಣವಾಗಿದೆ, ಮಕ್ಕಳು ಬರುತ್ತಿದ್ದಾರೆ. ಅದನ್ನು ಸಂತೋಷದಿಂದ ಹೇಳಬೇಕು. ಆದರೆ ಅವನ್ನು ನಡೆಸುವ ಮೇಲ್ವಿಚಾರಕರು ಬಹುಕಾಲ ಅಲ್ಪ ಗೌರವಧನದಲ್ಲಿ ಬಾಳು ಸಾಗಿಸಿದರೆಂಬುದನ್ನೂ ಮರೆಯಬಾರದು. ಪುಸ್ತಕ ಕೊಡುವ ಕೈ ಹಸಿದಿದ್ದರೆ ಪುಸ್ತಕಕ್ಕೆ ಬೆಲೆ ಬರುವುದಿಲ್ಲ.

ಓದುವವರು ಏಕೆ ಕಡಿಮೆಯಾದರು

ಈಗ ಈ ಕೊಠಡಿಯ ಮಾತಿಗೆ ಬರುತ್ತೇವೆ. ಎಲ್ಲರ ಕೈಯಲ್ಲೂ ಮೊಬೈಲ್ ಬಂದಿದೆ, ಇನ್ನು ಪುಸ್ತಕ ಯಾರಿಗೆ ಬೇಕು ಎಂದು ಕೆಲವರು ಹೇಳಿದರು. ಮೊಬೈಲನ್ನು ನಾವು ಬೈಯುವುದಿಲ್ಲ. ನಮ್ಮ ಜೇಬಿನಲ್ಲೂ ಅದಿದೆ, ಅದರಲ್ಲೂ ಒಳ್ಳೆಯ ಓದು ಸಿಗುತ್ತದೆ. ಆದರೆ ಅದು ನಮ್ಮ ಕಣ್ಣಿನ ಮುಂದೆ ಏನನ್ನು ತರಬೇಕೆಂಬುದನ್ನು ಎಲ್ಲೋ ಕುಳಿತ ಕಂಪನಿ ಗೊತ್ತುಮಾಡುತ್ತದೆ. ಪುಸ್ತಕದ ಕಪಾಟಿನ ಮುಂದೆ ನಿಂತವನು ತನಗೆ ಬೇಕಾದ್ದನ್ನು ತಾನೇ ಆರಿಸುತ್ತಾನೆ. ಬೇಸರವಾದರೆ ಹಿಂದಕ್ಕಿಡುತ್ತಾನೆ, ಬೇಕಾದ ಕಡೆ ನಿಂತು ಯೋಚಿಸುತ್ತಾನೆ, ಬರೆದವನ ಜೊತೆ ಜಗಳವಾಡುತ್ತಾನೆ. ಓದಿನಲ್ಲಿ ಯಜಮಾನಿಕೆ ಓದುವವನದು. ದಿನವಿಡೀ ಇನ್ನೊಬ್ಬರ ಅಪ್ಪಣೆಯಲ್ಲಿ ದುಡಿಯುವವನಿಗೆ ಇದಕ್ಕಿಂತ ದೊಡ್ಡ ಸುಖ ಯಾವುದು?

ಮೊಬೈಲ್ ಒಂದೇ ಕಾರಣವಲ್ಲ. ಈ ಕೊಠಡಿಯ ಬಾಗಿಲ ಮೇಲಿನ ಹಲಗೆಯನ್ನು ನಾವು ಒಳಗೆ ಬರುವಾಗ ಓದಿದೆವು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಎಂದಿದೆ. ಬೆಳಿಗ್ಗೆ ಹತ್ತಕ್ಕೆ ಈ ಊರಿನ ಗಂಡಸರು ಗದ್ದೆಯಲ್ಲಿ, ಹೆಂಗಸರು ತೋಟದಲ್ಲಿ, ಮಕ್ಕಳು ಶಾಲೆಯಲ್ಲಿ. ಸಂಜೆ ಐದಕ್ಕೆ ಅವರು ಇನ್ನೂ ದಾರಿಯಲ್ಲಿ. ಅವರು ಮನೆಗೆ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಇಲ್ಲಿ ಬೀಗ. ಹೀಗೆ ಮಾಡಿ ಓದುವವರೇ ಇಲ್ಲವೆಂದು ದೂರಿದರೆ ಹೇಗೆ? ಸಂತೆ ಮುಗಿದ ಮೇಲೆ ಅಂಗಡಿ ತೆರೆದು ಗಿರಾಕಿ ಬರಲಿಲ್ಲವೆಂದು ಹೇಳಿದ ಹಾಗಾಯಿತು.

ಆದುದರಿಂದ ಸಮಿತಿಯವರ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇವೆ. ಮೊದಲನೆಯದು, ಬಾಗಿಲು ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೆ ತೆರೆದಿರಲಿ. ಭಾನುವಾರ ಮಧ್ಯಾಹ್ನ ಹೆಣ್ಣುಮಕ್ಕಳಿಗೇ ಮೀಸಲಾಗಿರಲಿ. ಎರಡನೆಯದು, ವಾರಕ್ಕೊಂದು ರಾತ್ರಿ ಇಲ್ಲಿ ಗಟ್ಟಿಯಾಗಿ ಓದುವ ಪದ್ಧತಿ ಬರಲಿ. ಏನು ಓದಬೇಕೆಂಬುದನ್ನು ಬಂದವರು ಕೈಯೆತ್ತಿ ಗೊತ್ತುಮಾಡಲಿ. ಕನ್ನಡಕ ಕೊಳ್ಳಲಾರದ ಮುದುಕರೂ ಅಕ್ಷರ ಬಾರದವರೂ ಅದರಿಂದ ಓದುಗರಾಗುತ್ತಾರೆ. ಮೂರನೆಯದು, ಪುಸ್ತಕ ಮನೆಗೆ ಹೋಗಲಿ. ಹರಿಯಲಿ, ಹಿಟ್ಟು ಮೆತ್ತಲಿ. ವರ್ಷಕ್ಕೆ ಒಂದು ದಿನ ಊರಿನ ಹುಡುಗರು ಕೂತು ಅಂಟು ಹಾಕಿ ರಟ್ಟು ಕಟ್ಟಲಿ. ನಾಲ್ಕನೆಯದು, ನಾವು ಕೊಟ್ಟ ಗ್ರಂಥಾಲಯ ಕರದ ಲೆಕ್ಕವನ್ನು ಗ್ರಾಮಸಭೆಯಲ್ಲಿ ನಿಂತು ಕೇಳೋಣ. ನಮ್ಮ ಪಂಚಾಯಿತಿಗೆ ಬರಬೇಕಾದದ್ದು ಎಷ್ಟು, ಬಂದದ್ದು ಎಷ್ಟು ಎಂದು ಬರೆದುಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಚರಂಡಿಗೂ ಕಾಂಪೌಂಡಿಗೂ ಹಣ ಕೇಳಬೇಕಾದ ಜಾಗವೂ ಅದೇ. ಓದುವ ಕೊಠಡಿಯನ್ನು ಮಾರಿ ಚರಂಡಿ ಕಟ್ಟಬೇಕಾದ ಅಗತ್ಯ ಯಾವ ಊರಿಗೂ ಬರಬಾರದು.

ನಮ್ಮ ಸಂಗಾತಿ ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ. ಭೂಮಿ ಬೇಕು, ಕೂಲಿ ಬೇಕು, ನ್ಯಾಯ ಬೇಕು. ಇವೆಲ್ಲ ಬಂದ ಮೇಲೆ ಮನುಷ್ಯ ಏನು ಮಾಡಬೇಕು? ದುಡಿದು ಬಂದು, ಉಂಡು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ದೀಪದ ಕೆಳಗೆ ತನಗಿಷ್ಟವಾದ ಒಂದು ಪುಸ್ತಕವನ್ನು ನಿಶ್ಚಿಂತೆಯಿಂದ ಓದುವಂತಾಗಬೇಕು. ನಾವು ಕಟ್ಟಬೇಕೆಂದಿರುವ ಸಮಾಜದ ಚಿತ್ರದಲ್ಲಿ ಅಂಥ ಸಂಜೆಯೂ ಸೇರಿದೆ. ಎಲ್ಲ ಹೋರಾಟ ಮುಗಿಯುವವರೆಗೆ ಆ ಸಂಜೆಯನ್ನು ಮುಂದಕ್ಕೆ ಹಾಕುತ್ತ ಹೋದರೆ ಒಂದು ತಲೆಮಾರು ಅದನ್ನು ಕಾಣದೆಯೇ ಹೋಗುತ್ತದೆ. ಉಳ್ಳವರ ಮಕ್ಕಳು ಅದನ್ನು ಇಂದೇ ಅನುಭವಿಸುತ್ತಿದ್ದಾರೆ. ನಮ್ಮ ಮಕ್ಕಳೂ ಇಂದೇ ಅನುಭವಿಸಲಿ.

ಬಾಡಿಗೆಯ ಎರಡು ಸಾವಿರ ಒಂದು ಕಡೆ, ಈ ಕೊಠಡಿ ಒಂದು ಕಡೆ. ತೂಕ ಮಾಡಿ ನೋಡುವುದು ತಮಗೆ ಬಿಟ್ಟದ್ದು. ಕೊಠಡಿ ಉಳಿಯಲಿ ಎಂದು ತಾವು ತೀರ್ಮಾನಿಸಿದರೆ, ಬರುವ ಶನಿವಾರ ರಾತ್ರಿಯ ಮೊದಲ ಓದಿಗೆ ನಾವೇ ಬಂದು ಕೂರುತ್ತೇವೆ. ಯಾವ ಪುಸ್ತಕ ಎಂಬುದನ್ನು ಮಾತ್ರ ತಾವೇ ಆರಿಸಬೇಕು.